ಬ್ಯಾಕಪ್ ಡಿಸ್ಕ್ ಇಲ್ಲದ ಹೊತ್ತಿಗೂ ಸರ್ವರ್ ಸಜ್ಜಾಗಿರಲಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಆಸುಪಾಸಿನ ಸಣ್ಣ ಕಚೇರಿಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಆಡಿಟರ್ ಕಚೇರಿ, ಮದುವೆ ಫೋಟೊ ತೆಗೆಯುವ ಸ್ಟುಡಿಯೋ, ಮನೆಯ ಮಹಡಿಯಲ್ಲೇ ನಡೆಯುವ ಪುಸ್ತಕ ಪ್ರಕಾಶನ ಇಂಥವರೇ ನನ್ನ ಗಿರಾಕಿಗಳು. ಇವರ ಸರ್ವರ್‌ಗೆ ಮಾನಿಟರ್ ಇರುವುದಿಲ್ಲ, ಕೀಬೋರ್ಡ್ ಇರುವುದಿಲ್ಲ. ಮೇಜಿನ ಕೆಳಗೋ ಕಪಾಟಿನ ಮೇಲೋ ಒಂದು ಪೆಟ್ಟಿಗೆ, ಅದರೊಳಗೆ ಡೆಬಿಯನ್ ಅಥವಾ ಉಬುಂಟು ಸರ್ವರ್. ನಾನು ದೂರದಿಂದಲೇ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಕಮಾಂಡ್‌ಗಳಲ್ಲಿ ಕೆಲಸ ಮುಗಿಸುತ್ತೇನೆ. ಬ್ಯಾಕಪ್‌ಗೆಂದು ಒಂದೆರಡು ಯುಎಸ್‌ಬಿ ಹಾರ್ಡ್ ಡಿಸ್ಕ್ ಇರುತ್ತವೆ. ಅವುಗಳನ್ನು ಹಾಕುವವರೂ ತೆಗೆಯುವವರೂ ಕಚೇರಿಯ ಸಿಬ್ಬಂದಿ. ಅವರಿಗೆ ಕಮಾಂಡ್ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಮನೆಯ ಕಂಪ್ಯೂಟರಿಗೆ ಡಿಸ್ಕ್ ಚುಚ್ಚಿದ ಕೂಡಲೇ ಪರದೆಯ ಮೇಲೆ ಅದರ ಗುರುತು ಮೂಡುತ್ತದೆ. ಲಾಗಿನ್ ಆಗಿರುವ ಬಳಕೆದಾರರ ಪರವಾಗಿ ಫೈಲ್ ಮ್ಯಾನೇಜರ್ ಯುಡಿಸ್ಕ್ಸ್ ಎಂಬ ಸೇವೆಗೆ ಹೇಳಿ ಮೌಂಟ್ ಮಾಡಿಸುವುದರಿಂದ ಹಾಗಾಗುತ್ತದೆ. ಸರ್ವರ್‌ನಲ್ಲಿ ಫೈಲ್ ಮ್ಯಾನೇಜರ್ ಇಲ್ಲ, ಕೂತಿರುವ ಬಳಕೆದಾರರೂ ಇಲ್ಲ. ಕರ್ನಲ್ ಡಿಸ್ಕನ್ನು ಗುರುತಿಸಿ ಒಂದು ಹೆಸರು ಕೊಟ್ಟು ಸುಮ್ಮನಾಗುತ್ತದೆ. ಮುಂದಿನದ್ದನ್ನೆಲ್ಲ ನಾವೇ ಬರೆದಿಡಬೇಕು.

ಹೀಗೆ ಬರೆಯಲು ಕೂತವರೆಲ್ಲ ಮೊದಲು ಯೋಚಿಸುವುದು ಡಿಸ್ಕ್ ಬಂದಾಗ ಏನಾಗಬೇಕು ಎಂದು. ನಾನು ಮೊದಲು ಕೇಳುವುದು ಡಿಸ್ಕ್ ಇಲ್ಲದಾಗ ಏನಾಗಬೇಕು ಎಂದು. ವಾರದ ಬಹುಪಾಲು ಗಂಟೆ ಆ ಡಿಸ್ಕ್ ಸರ್ವರ್‌ನಲ್ಲಿ ಇರುವುದೇ ಇಲ್ಲ. ಅನಾಹುತಗಳೆಲ್ಲ ನಡೆಯುವುದು ಆ ಹೊತ್ತಿನಲ್ಲೇ.

1. ಡಿಸ್ಕನ್ನು ಅದರ ಯುಯುಐಡಿಯಿಂದ ಕರೆಯಿರಿ

ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಡಿಸ್ಕಿಗೆ ಅಂಟಿಕೊಂಡವಲ್ಲ. ಕರ್ನಲ್ ಕಣ್ಣಿಗೆ ಯಾವುದು ಮೊದಲು ಬಿತ್ತೋ ಅದಕ್ಕೆ ಮೊದಲ ಹೆಸರು. ಇವತ್ತು ಎಸ್‌ಡಿಬಿ ಆಗಿದ್ದದ್ದು ನಾಳೆ ರೀಬೂಟ್ ಆದಮೇಲೆ ಎಸ್‌ಡಿಸಿ ಆದೀತು. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಹೆಸರನ್ನು ಬರೆದಿಟ್ಟರೆ ಒಂದಲ್ಲ ಒಂದು ದಿನ ಯಾರದೋ ಪೆನ್‌ಡ್ರೈವ್‌ಗೆ ಬ್ಯಾಕಪ್ ಹೋಗುತ್ತದೆ. ಬ್ಲಾಕ್‌ಐಡಿ ಕಮಾಂಡನ್ನೋ ಎಫ್‌ಎಸ್ ಆಯ್ಕೆಯ ಜೊತೆ ಎಲ್‌ಎಸ್‌ಬಿಎಲ್‌ಕೆ ಕಮಾಂಡನ್ನೋ ಕೊಟ್ಟರೆ ಫೈಲ್ ಸಿಸ್ಟಂನ ಸ್ವಂತ ಗುರುತಾದ ಯುಯುಐಡಿ ಸಿಗುತ್ತದೆ. ಅದನ್ನು ಬಳಸಿ.

ಲೇಬಲ್ ಬಳಸಿದರೂ ನಡೆಯುತ್ತದೆ. ಎರಡು ಡಿಸ್ಕಿಗೂ ಒಂದೇ ಲೇಬಲ್ ಕೊಟ್ಟು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಈ ವಾರ ಯಾವ ಡಿಸ್ಕ್ ಬಂತು, ಯಾವುದು ಒಂದು ತಿಂಗಳಿಂದ ಬಂದೇ ಇಲ್ಲ ಎಂಬುದು ಲಾಗ್ ನೋಡಿದರೆ ತಿಳಿಯಬೇಕು. ಎರಡು ಡಿಸ್ಕಿಗೆ ಎರಡು ಯುಯುಐಡಿ, ಎರಡು ಸಾಲು, ಎರಡು ಡೈರೆಕ್ಟರಿ ಇರಲಿ. ಡಿಸ್ಕಿನ ಮೇಲೆ ಸ್ಟಿಕ್ಕರ್ ಅಂಟಿಸಿ ಅದೇ ಹೆಸರು ಬರೆಯಿರಿ. ಡಿಡಿ ಕಮಾಂಡ್‌ನಿಂದ ಒಂದು ಡಿಸ್ಕನ್ನು ಹಾಗೇ ಇನ್ನೊಂದಕ್ಕೆ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ ಎಂಬುದನ್ನು ಮರೆಯಬೇಡಿ.

2. ನೋಫೇಲ್ ಇಲ್ಲದೆ ಸಾಲು ಬರೆಯಬೇಡಿ

ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆದೆವೆಂದರೆ ಈ ಡಿಸ್ಕ್ ಇಲ್ಲದೆ ಯಂತ್ರ ಪೂರ್ತಿಯಾಗದು ಎಂದು ಬೂಟ್ ನಡೆಸುವ ಸಿಸ್ಟಮ್‌ಡಿಗೆ ಹೇಳಿದಂತೆ. ಬೂಟ್ ಆಗುವಾಗ ಅದು ಡಿಸ್ಕಿಗಾಗಿ ಕಾಯುತ್ತದೆ. ಸಾಮಾನ್ಯವಾಗಿ 90 ಸೆಕೆಂಡ್. ಡಿಸ್ಕ್ ಬರಲಿಲ್ಲವೆಂದರೆ ಎಮರ್ಜೆನ್ಸಿ ಮೋಡ್‌ಗೆ ಇಳಿದುಬಿಡುತ್ತದೆ. ಅಲ್ಲಿ ಎಸ್‌ಎಸ್‌ಎಚ್ ಇಲ್ಲ, ಫೈಲ್ ಹಂಚಿಕೆ ಇಲ್ಲ. ಉಬುಂಟುವಿನಲ್ಲಿ ರೂಟ್ ಖಾತೆಗೆ ಮೊದಲಿಂದಲೂ ಬೀಗ ಇರುವುದರಿಂದ ಕೀಬೋರ್ಡ್ ಸಿಕ್ಕಿಸಿದರೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ.

ಇದರ ಅರ್ಥ ಬೆಂಗಳೂರಿನಲ್ಲಿ ಏನೆಂದರೆ, ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಯಾರಾದರೂ ಮಾನಿಟರ್ ಹೊತ್ತುಕೊಂಡು ಸಿಲ್ಕ್ ಬೋರ್ಡ್ ದಾಟಬೇಕು. ಅಷ್ಟು ಹೊತ್ತು ಇಡೀ ಕಚೇರಿ ಕೈಕಟ್ಟಿ ಕೂತಿರುತ್ತದೆ. ಕಾರಣ ಹುಡುಕಿದರೆ ಶನಿವಾರ ಡಿಸ್ಕ್ ತೆಗೆದುಕೊಂಡು ಹೋಗಿರುತ್ತಾರೆ, ಭಾನುವಾರ ರಾತ್ರಿ ಕರೆಂಟ್ ಹೋಗಿ ಬಂದಿರುತ್ತದೆ, ಅಷ್ಟೇ. ಬ್ಯಾಕಪ್ ಡಿಸ್ಕ್ ಇಲ್ಲವೆಂದು ಬ್ಯಾಕಪ್ ನಿಲ್ಲಬಹುದು. ಕಚೇರಿ ನಿಲ್ಲಬಾರದು. ನೋಫೇಲ್ ಎಂಬ ಒಂದು ಪದ ಸೇರಿಸಿದರೆ ಬೂಟ್ ಈ ಡಿಸ್ಕಿಗಾಗಿ ನಿಲ್ಲುವುದಿಲ್ಲ. ಜೊತೆಗೆ ಕಾಯುವ ಅವಧಿಯನ್ನೂ ಡಿವೈಸ್-ಟೈಮ್‌ಔಟ್ ಆಯ್ಕೆಯಿಂದ 30 ಸೆಕೆಂಡಿಗೆ ಇಳಿಸುತ್ತೇನೆ. ದೊಡ್ಡ ಡಿಸ್ಕ್ ತಿರುಗಲು ಶುರುಮಾಡಿ ಸಿದ್ಧವಾಗುವುದಕ್ಕೆ ಸ್ವಲ್ಪ ಸಮಯ ಬೇಕಾದ್ದರಿಂದ ಅದಕ್ಕಿಂತ ತೀರಾ ಕಡಿಮೆ ಮಾಡುವುದಿಲ್ಲ.

3. ಖಾಲಿ ಡೈರೆಕ್ಟರಿಯೇ ಎಲ್ಲಕ್ಕಿಂತ ಅಪಾಯದ ಜಾಗ

ಈ ಒಂದು ಪಾಠವನ್ನು ಮಾತ್ರ ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಸಂತೋಷ.

ಮೌಂಟ್ ಆಗುವ ಜಾಗ ಒಂದು ಮಾಮೂಲಿ ಡೈರೆಕ್ಟರಿ. ಡಿಸ್ಕ್ ಮೌಂಟ್ ಆದಾಗ ಅದರ ಒಳಗೆ ಡಿಸ್ಕ್ ಕಾಣುತ್ತದೆ. ಆಗಿಲ್ಲದಾಗ ಅದು ಸರ್ವರ್‌ನ ಸ್ವಂತ ಡಿಸ್ಕಿನಲ್ಲಿರುವ ಖಾಲಿ ಡೈರೆಕ್ಟರಿ, ಅಷ್ಟೇ. ರಾತ್ರಿ ಎರಡು ಗಂಟೆಗೆ ಬ್ಯಾಕಪ್ ನಕಲು ಮಾಡುವ ಆರ್‌ಸಿಂಕ್ ಓಡುತ್ತದೆ. ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬರೆಯಲು ಜಾಗವಿದೆ, ಬರೆಯುತ್ತದೆ. ಸ್ಟುಡಿಯೋದ ನೂರಾರು ಜಿಬಿ ಫೋಟೊಗಳು ಅದೇ ಸರ್ವರ್‌ನ ಅದೇ ಡಿಸ್ಕಿಗೆ ಎರಡನೇ ಸಲ ಬಂದು ಕೂರುತ್ತವೆ. ರೂಟ್ ಪಾರ್ಟಿಷನ್ ತುಂಬಿ ಡೇಟಾಬೇಸ್ ನಿಲ್ಲುತ್ತದೆ, ಲಾಗ್ ಬರೆಯುವುದೂ ನಿಲ್ಲುತ್ತದೆ. ಡಿಸ್ಕ್ ಯಾಕೆ ತುಂಬಿತು ಎಂದು ಹುಡುಕಲು ಹೊರಟವರು ಬ್ಯಾಕಪ್ ಡಿಸ್ಕನ್ನು ಚುಚ್ಚಿದರೆ ಅದು ಆ ಡೈರೆಕ್ಟರಿಯ ಮೇಲೆ ಮೌಂಟ್ ಆಗಿ, ಕೆಳಗೆ ಅಡಗಿದ ಕಡತಗಳು ಕಣ್ಣಿಗೇ ಬೀಳುವುದಿಲ್ಲ. ಡಿಎಫ್ ಕಮಾಂಡ್ ತುಂಬಿದೆ ಎನ್ನುತ್ತದೆ, ಡಿಯು ಕಮಾಂಡ್ ಲೆಕ್ಕ ಹಾಕಿದರೆ ಅಷ್ಟು ಸಿಗುವುದಿಲ್ಲ. ಎರಡರ ನಡುವೆ ಹೀಗೆ ದೊಡ್ಡ ಅಂತರ ಕಂಡರೆ ನಾನು ಮೊದಲು ಅನ್‌ಮೌಂಟ್ ಮಾಡಿ ಕೆಳಗೆ ಏನಿದೆ ಎಂದು ನೋಡುತ್ತೇನೆ.

ಜಾಗ ದೊಡ್ಡದಿದ್ದರೆ ಇನ್ನೂ ಕೆಟ್ಟದ್ದು. ಏನೂ ತುಂಬುವುದಿಲ್ಲ, ಯಾವ ದೋಷವೂ ಬರುವುದಿಲ್ಲ. ತಿಂಗಳುಗಟ್ಟಲೆ ಬ್ಯಾಕಪ್ ಯಶಸ್ವಿ ಎಂಬ ಸಂದೇಶ ಬರುತ್ತಲೇ ಇರುತ್ತದೆ. ಆ ಸರ್ವರ್ ಡಿಸ್ಕ್ ಕೆಟ್ಟ ದಿನ ಮೂಲವೂ ನಕಲೂ ಒಟ್ಟಿಗೇ ಹೋಗುತ್ತವೆ.

ಇದಕ್ಕೆ ಮೂರು ಕಾವಲು ಹಾಕುತ್ತೇನೆ. ಮೊದಲನೆಯದು, ಡಿಸ್ಕ್ ಮೌಂಟ್ ಆಗಿಲ್ಲದಾಗ ಖಾಲಿ ಡೈರೆಕ್ಟರಿಗೆ ಸಿಎಚ್‌ಆಟರ್ ಕಮಾಂಡ್‌ನಿಂದ ಇಮ್ಯೂಟಬಲ್ ಗುರುತು ಹಾಕುವುದು. ಆಮೇಲೆ ರೂಟ್ ಬಳಕೆದಾರ ಕೂಡ ಅದರೊಳಗೆ ಕಡತ ಸೃಷ್ಟಿಸಲಾಗದು. ಅದರ ಮೇಲೆ ಡಿಸ್ಕ್ ಮೌಂಟ್ ಮಾಡುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಎರಡನೆಯದು, ಸ್ಕ್ರಿಪ್ಟ್ ಶುರುವಾಗುವ ಮುಂಚೆ ಮೌಂಟ್‌ಪಾಯಿಂಟ್ ಎಂಬ ಕಮಾಂಡ್‌ನಿಂದ ಕೇಳುವುದು: ಇಲ್ಲಿ ನಿಜಕ್ಕೂ ಏನಾದರೂ ಮೌಂಟ್ ಆಗಿದೆಯೇ? ಇಲ್ಲವೆಂದರೆ ಅಲ್ಲೇ ನಿಲ್ಲಬೇಕು, ಸಂದೇಶ ಕಳಿಸಬೇಕು. ಮೂರನೆಯದು, ಬ್ಯಾಕಪ್ ಸಿಸ್ಟಮ್‌ಡಿ ಸರ್ವಿಸ್ ಆಗಿದ್ದರೆ ಅದರಲ್ಲಿ ರಿಕ್ವೈರ್ಸ್-ಮೌಂಟ್ಸ್-ಫಾರ್ ಎಂಬ ಸಾಲು ಸೇರಿಸುವುದು. ಮೌಂಟ್ ಸಾಧ್ಯವಾಗದಿದ್ದರೆ ಸರ್ವಿಸ್ ಆರಂಭವಾಗುವುದೇ ಇಲ್ಲ. ಮೂರರಲ್ಲಿ ಒಂದನ್ನೇ ಹಾಕುವ ಸಮಯವಿದ್ದರೆ ಮೊದಲನೆಯದನ್ನು ಹಾಕಿ. ಸ್ಕ್ರಿಪ್ಟನ್ನು ಮುಂದೆ ಯಾರು ಬದಲಿಸಿದರೂ ಆ ಕಾವಲು ಉಳಿಯುತ್ತದೆ.

4. ಮೂಲವೂ ಕಾಣೆಯಾಗಬಹುದು

ಸ್ಟುಡಿಯೋಗಳಲ್ಲಿ ಮೂಲ ಫೋಟೊಗಳೇ ಇನ್ನೊಂದು ಡಿಸ್ಕಿನಲ್ಲಿರುತ್ತವೆ. ಆ ಡಿಸ್ಕ್ ಮೌಂಟ್ ಆಗದೆ, ಬ್ಯಾಕಪ್ ಡಿಸ್ಕ್ ಮಾತ್ರ ಮೌಂಟ್ ಆಗಿದ್ದು, ಆರ್‌ಸಿಂಕ್‌ಗೆ ಡಿಲೀಟ್ ಆಯ್ಕೆ ಕೊಟ್ಟಿದ್ದರೆ? ಮೂಲ ಖಾಲಿಯಾಗಿದೆ ಎಂದುಕೊಂಡು ಅದು ಬ್ಯಾಕಪ್ಪನ್ನೂ ನಿಷ್ಠೆಯಿಂದ ಖಾಲಿ ಮಾಡುತ್ತದೆ. ಎರಡೂ ಕಡೆ ಮೌಂಟ್ ಆಗಿದೆಯೇ ಎಂದು ಪರೀಕ್ಷಿಸಿ. ಒಂದು ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಕಡತ ಅಳಿಸಬೇಡ ಎಂದು ಮ್ಯಾಕ್ಸ್-ಡಿಲೀಟ್ ಮಿತಿಯನ್ನೂ ಕೊಡಿ.

5. ಕೇಳಿದಾಗ ಮಾತ್ರ ಮೌಂಟ್ ಆಗಲಿ

ಬೂಟ್ ಆಗುವಾಗ ಡಿಸ್ಕ್ ಇಲ್ಲದೆ ಆಮೇಲೆ ಚುಚ್ಚಿದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಸಿಸ್ಟಮ್‌ಡಿಯಲ್ಲಿ ಚೊಕ್ಕವಾದ ಉತ್ತರವಿದೆ. ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ನೋಆಟೋ ಮತ್ತು ಎಕ್ಸ್-ಸಿಸ್ಟಮ್‌ಡಿ-ಆಟೋಮೌಂಟ್ ಆಯ್ಕೆಗಳನ್ನು ಬರೆದರೆ, ಯಾರಾದರೂ ಆ ಡೈರೆಕ್ಟರಿಯೊಳಗೆ ಕಾಲಿಟ್ಟ ಕ್ಷಣದಲ್ಲಿ ಮೌಂಟ್ ಆಗುತ್ತದೆ. ಐಡಲ್-ಟೈಮ್‌ಔಟ್ ಕೊಟ್ಟರೆ ಬಳಕೆ ನಿಂತ ಸ್ವಲ್ಪ ಹೊತ್ತಿಗೆ ತಾನಾಗಿ ಅನ್‌ಮೌಂಟ್ ಆಗುತ್ತದೆ.

ಮೂರನೇ ಪಾಠದ ಅಪಾಯಕ್ಕೂ ಇದು ಮದ್ದು. ಆಟೋಮೌಂಟ್ ಇರುವ ಜಾಗಕ್ಕೆ ಡಿಸ್ಕ್ ಇಲ್ಲದಾಗ ಬರೆಯಹೋದರೆ ಟೈಮ್‌ಔಟ್ ಆಗುವವರೆಗೆ ಕಾಯಿಸಿ, ಆ ಸಾಧನ ಇಲ್ಲ ಎಂದು ದೋಷ ಕೊಡುತ್ತದೆ. ಕೆಳಗಿನ ಖಾಲಿ ಡೈರೆಕ್ಟರಿಗೆ ಬರೆಯಲು ಬಿಡುವುದಿಲ್ಲ. ಎಫ್‌ಎಸ್‌ಟ್ಯಾಬ್ ತಿದ್ದಿದ ಮೇಲೆ ಫೈಂಡ್‌ಮೌಂಟ್‌ನ ವೆರಿಫೈ ಆಯ್ಕೆಯಿಂದ ತಪ್ಪಿದೆಯೇ ನೋಡಿ, ಸಿಸ್ಟಮ್‌ಡಿಗೆ ಡೀಮನ್-ರೀಲೋಡ್ ಹೇಳಿ. ಹೇಳದಿದ್ದರೆ ಅದು ಹಳೆಯ ಸಾಲನ್ನೇ ನೆನಪಿಟ್ಟುಕೊಂಡಿರುತ್ತದೆ.

6. ಯುಡೆವ್ ನಿಯಮದೊಳಗೆ ಮೌಂಟ್ ಮಾಡಿಸಬೇಡಿ

ಡಿಸ್ಕ್ ಚುಚ್ಚಿದ ತಕ್ಷಣ ಬ್ಯಾಕಪ್ ಶುರುವಾಗಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಅದಕ್ಕೆ, ಸಾಧನ ಬಂದದ್ದನ್ನು ಗಮನಿಸುವ ಯುಡೆವ್ ಸೇವೆಗೆ ನಿಯಮ ಬರೆದು, ರನ್ ಎಂಬಲ್ಲಿ ಮೌಂಟ್ ಕಮಾಂಡನ್ನೇ ಕೊಡುವವರು ಬಹಳ. ಕಮಾಂಡ್ ಓಡುತ್ತದೆ, ದೋಷವೇನೂ ಕಾಣದು, ಡಿಸ್ಕ್ ಮಾತ್ರ ಮೌಂಟ್ ಆಗಿರುವುದಿಲ್ಲ. ಯುಡೆವ್ ಸೇವೆ ತನ್ನದೇ ಬೇಲಿಯೊಳಗೆ ಕೆಲಸ ಮಾಡುತ್ತದೆ. ಅದರೊಳಗೆ ಮಾಡಿದ ಮೌಂಟ್ ಹೊರಗಿನ ವ್ಯವಸ್ಥೆಗೆ ಕಾಣುವುದಿಲ್ಲ. ಹೆಚ್ಚು ಹೊತ್ತು ಓಡುವ ಸ್ಕ್ರಿಪ್ಟ್ ಕೊಟ್ಟರೆ ಅದನ್ನು ಯುಡೆವ್ ಕೊಂದುಹಾಕುತ್ತದೆ. ಬ್ಯಾಕಪ್ ಹೆಚ್ಚು ಹೊತ್ತು ಓಡುವ ಕೆಲಸವೇ.

ಯುಡೆವ್ ಕೈಯಲ್ಲಿ ಸುದ್ದಿ ಮುಟ್ಟಿಸುವಷ್ಟು ಕೆಲಸ ಮಾತ್ರ ಮಾಡಿಸಿ. ಈ ಯುಯುಐಡಿ ಬಂದರೆ ಈ ಸರ್ವಿಸ್ ಬೇಕು ಎಂದು ಸಿಸ್ಟಮ್‌ಡಿ-ವಾಂಟ್ಸ್ ಗುಣದ ಮೂಲಕ ಬರೆಯಿರಿ. ಮೌಂಟ್, ಆರ್‌ಸಿಂಕ್, ಅನ್‌ಮೌಂಟ್, ಸಂದೇಶ ಎಲ್ಲವನ್ನೂ ಆ ಸರ್ವಿಸ್ ನೋಡಿಕೊಳ್ಳಲಿ. ಏನಾಯಿತೆಂಬುದು ಜರ್ನಲ್‌ನಲ್ಲಿ ಪೂರ್ತಿ ಸಿಗುತ್ತದೆ.

7. ತೆಗೆಯುವವರಿಗೆ ಕಾಣುವ ಗುರುತು ಬೇಕು

"ಸರ್, ಡಿಸ್ಕ್ ಹಾಕಿದೀನಿ. ಲೈಟ್ ಇನ್ನೂ ಮಿಣುಕ್ತಾ ಇದೆ. ತೆಗೀಬಹುದಾ?"

ಶನಿವಾರ ಸಂಜೆ ಬರುವ ಈ ಫೋನು ಬಹಳ ಸರಿಯಾದ ಪ್ರಶ್ನೆ ಕೇಳುತ್ತದೆ. ಕೇಳುವ ಮೇಡಂ ಬಸ್ಸಿಗೆ ಹೊರಟಿರುತ್ತಾರೆ. ಆರ್‌ಸಿಂಕ್ ಮುಗಿಯಿತು ಎಂದರೂ ಲಿನಕ್ಸ್ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಅನ್‌ಮೌಂಟ್ ಮಾಡಿದಾಗಲೇ ಎಲ್ಲವೂ ಡಿಸ್ಕಿಗೆ ಇಳಿದಿದೆ ಎಂಬ ಖಾತ್ರಿ. ಆದ್ದರಿಂದ ಅನ್‌ಮೌಂಟ್ ಮಾಡುವ ಹೊಣೆಯನ್ನು ಸ್ಕ್ರಿಪ್ಟಿಗೇ ವಹಿಸಬೇಕು. ಬ್ಯಾಕಪ್ ಮುಗಿದ ಕೂಡಲೇ ಅದು ಅನ್‌ಮೌಂಟ್ ಮಾಡಿ, ಯುಡಿಸ್ಕ್ಸ್‌ನ ಪವರ್-ಆಫ್ ಕಮಾಂಡ್‌ನಿಂದ ಡಿಸ್ಕನ್ನು ನಿಲ್ಲಿಸಿ, ಮೇಡಂ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಬೇಕು: "ಹಸಿರು ಸ್ಟಿಕ್ಕರ್ ಡಿಸ್ಕಿನ ಬ್ಯಾಕಪ್ ಮುಗಿದಿದೆ. ಈಗ ತೆಗೆಯಬಹುದು." ಇಂಗ್ಲಿಷಿನ ಉದ್ದ ಲಾಗನ್ನು ಕಳಿಸಿದರೆ ಯಾರೂ ಓದುವುದಿಲ್ಲ.

ಡಿಸ್ಕ್ ಬ್ಯುಸಿ ಇದೆ ಎಂದು ಅನ್‌ಮೌಂಟ್ ನಿರಾಕರಿಸಿದರೆ ಫ್ಯೂಸರ್ ಅಥವಾ ಎಲ್‌ಎಸ್‌ಓಎಫ್ ಕಮಾಂಡ್ ಯಾರು ಹಿಡಿದುಕೊಂಡಿದ್ದಾರೆಂದು ಹೇಳುತ್ತದೆ. ಬಹಳ ಸಲ ಅದು ಡಿಸ್ಕಿನ ಡೈರೆಕ್ಟರಿಯೊಳಗೆ ನಿಂತುಬಿಟ್ಟ ನಮ್ಮದೇ ಟರ್ಮಿನಲ್ ಆಗಿರುತ್ತದೆ.

ಮುಗಿದ ಮೇಲೆ ಅನ್‌ಮೌಂಟ್ ಆಗುವುದರಿಂದ ಇನ್ನೊಂದು ಲಾಭವೂ ಇದೆ. ಸದಾ ಮೌಂಟ್ ಆಗಿರುವ ಬ್ಯಾಕಪ್ ಡಿಸ್ಕನ್ನು ರ್‍ಯಾನ್ಸಮ್‌ವೇರ್ ಮೂಲ ಕಡತಗಳ ಜೊತೆಗೇ ಲಾಕ್ ಮಾಡಿಬಿಡುತ್ತದೆ. ಯಾರೋ ಕೊಟ್ಟ ತಪ್ಪು ಅಳಿಸುವ ಕಮಾಂಡ್ ಕೂಡ ಅಲ್ಲಿಗೆ ತಲುಪುತ್ತದೆ. ಕಪಾಟಿನಲ್ಲಿರುವ ಡಿಸ್ಕನ್ನು ಇವೆರಡೂ ಮುಟ್ಟಲಾರವು.

8. ಡಿಸ್ಕಿನ ಅಡಾಪ್ಟರ್ ಯಾವ ಸಾಕೆಟ್‌ನಲ್ಲಿದೆ, ಹೋಗಿ ನೋಡಿ

ಸರ್ವರ್ ಯುಪಿಎಸ್ ಮೇಲಿರುತ್ತದೆ. 3.5 ಇಂಚಿನ ದೊಡ್ಡ ಡಿಸ್ಕಿಗೆ ಬೇರೆ ಅಡಾಪ್ಟರ್ ಇರುತ್ತದೆ. ಯುಪಿಎಸ್‌ನಲ್ಲಿ ಜಾಗವಿಲ್ಲವೆಂದು ಅದನ್ನು ಗೋಡೆಯ ಸಾಕೆಟ್‌ಗೋ ಸ್ಪೈಕ್ ಬಸ್ಟರ್‌ಗೋ ಹಾಕಿರುತ್ತಾರೆ. ಕರೆಂಟ್ ಅರೆಕ್ಷಣ ಹೋಗಿ ಬಂದರೆ ಸಾಕು. ಸರ್ವರ್‌ಗೆ ಏನೂ ಆಗಿಲ್ಲ, ಡಿಸ್ಕ್ ಸತ್ತು ಹುಟ್ಟಿದೆ. ಎಸ್‌ಡಿಬಿ ಆಗಿ ಹೋದದ್ದು ಎಸ್‌ಡಿಸಿ ಆಗಿ ಮರಳುತ್ತದೆ. ಬರೆಯುತ್ತಿದ್ದ ಆರ್‌ಸಿಂಕ್‌ಗೆ ಇನ್‌ಪುಟ್-ಔಟ್‌ಪುಟ್ ದೋಷ, ಫೈಲ್ ಸಿಸ್ಟಂನ ಜರ್ನಲ್ ಅರ್ಧಕ್ಕೆ ನಿಂತಿದೆ, ಹಳೆಯ ಮೌಂಟ್ ಎಲ್ಲಿಗೂ ಸೇರದೆ ನೇತಾಡುತ್ತಿದೆ. ಮುಂಗಾರು ಪೂರ್ವದ ಗುಡುಗು ಮಳೆಯ ಸಂಜೆಗಳಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ, ಡಿಮೆಸೇಜ್ ತೆರೆದರೆ ಇಂಥ ಸಾಲುಗಳೇ ಸಿಗುತ್ತವೆ. ಆಮೇಲೆ ಇಎಕ್ಸ್‌ಟಿ4 ತನ್ನ ಜರ್ನಲ್‌ನಿಂದ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೂ ಹಳೆಯ ಮೌಂಟ್ ಬಿಡಿಸಿ, ಎಫ್‌ಎಸ್‌ಸಿಕೆ ಓಡಿಸಿ, ಆಮೇಲಷ್ಟೇ ಮತ್ತೆ ಮೌಂಟ್ ಮಾಡಬೇಕು.

ಎರಡೂ ಒಂದೇ ಯುಪಿಎಸ್ ಮೇಲಿರಲಿ. ಯುಪಿಎಸ್‌ನ ಯುಎಸ್‌ಬಿ ಕೇಬಲ್ಲನ್ನೂ ಸರ್ವರ್‌ಗೆ ಸಿಕ್ಕಿಸಿ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ತಂತ್ರಾಂಶ ಬ್ಯಾಟರಿ ಇಳಿಯುತ್ತಿರುವುದನ್ನು ನೋಡಿ ಸರ್ವರ್ ಅನ್ನು ಕ್ರಮವಾಗಿ ಮುಚ್ಚುತ್ತದೆ. ಆ ಕೇಬಲ್ ಪೆಟ್ಟಿಗೆಯೊಳಗೇ ಉಳಿದಿರುವ ಕಚೇರಿಗಳು ಎಷ್ಟೋ.

ರಾಸ್ಪ್‌ಬೆರಿ ಪೈಯನ್ನು ಸರ್ವರ್ ಮಾಡಿಕೊಂಡವರಿಗೆ ಇನ್ನೊಂದು ಮಾತು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ ಸಿಗುವುದು 1.2 ಆಂಪಿಯರ್. ಎರಡು ಸಣ್ಣ ಡಿಸ್ಕ್ ಒಟ್ಟಿಗೆ ತಿರುಗಲು ಹೊರಟರೆ ಅದು ಸಾಲದು. ಡಿಸ್ಕ್ ಟಕ್ ಟಕ್ ಎನ್ನುತ್ತದೆ, ಕಾಣೆಯಾಗುತ್ತದೆ, ಮತ್ತೆ ಬರುತ್ತದೆ. ಸಾಫ್ಟ್‌ವೇರ್ ತಪ್ಪೆಂದು ಹುಡುಕುತ್ತ ಕೂರಬೇಡಿ. ಎಸ್.ಪಿ. ರೋಡಿಗೆ ಹೋಗಿ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತನ್ನಿ.

9. ಅಂಗಡಿಯಿಂದ ಬಂದ ಫಾರ್ಮ್ಯಾಟಿನಲ್ಲೇ ಬಿಡಬೇಡಿ

ಹೊಸ ಡಿಸ್ಕುಗಳು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲಿ ಬರುತ್ತವೆ. ಎರಡನ್ನೂ ಇವತ್ತಿನ ಲಿನಕ್ಸ್ ಓದಿ ಬರೆಯುತ್ತದೆ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಕಡತದ ಮಾಲೀಕರು ಯಾರು, ಯಾರಿಗೆ ಅನುಮತಿ ಎಂಬುದು ಉಳಿಯುವುದಿಲ್ಲ. ಹಾರ್ಡ್ ಲಿಂಕ್ ಇಲ್ಲ, ಜರ್ನಲ್ ಇಲ್ಲ. ಹಾರ್ಡ್ ಲಿಂಕ್ ಇಲ್ಲವೆಂದರೆ ಆರ್‌ಸಿಂಕ್‌ನ ಲಿಂಕ್-ಡೆಸ್ಟ್ ಆಯ್ಕೆಯಿಂದ ಪ್ರತಿ ದಿನದ ಪ್ರತ್ಯೇಕ ಪ್ರತಿಯನ್ನು ಕಡಿಮೆ ಜಾಗದಲ್ಲಿ ಇಡುವ ಅನುಕೂಲವೂ ಇಲ್ಲ. ಎನ್‌ಟಿಎಫ್‌ಎಸ್ ಡಿಸ್ಕನ್ನು ಯಾರಾದರೂ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ಹಾಗೇ ಕಿತ್ತರೆ ಅದು ಡರ್ಟಿ ಎಂಬ ಗುರುತು ಹೊತ್ತು ಬರುತ್ತದೆ. ಆಮೇಲೆ ಸರ್ವರ್ ಅದನ್ನು ಮೌಂಟ್ ಮಾಡಲು ಒಪ್ಪದಿರಬಹುದು, ಇಲ್ಲವೇ ಓದಲು ಮಾತ್ರ ಬಿಡಬಹುದು. ಇಎಕ್ಸ್‌ಟಿ4 ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ನೋಡಬೇಕು ಎನ್ನುವವರಿಗೆ ಸರ್ವರ್‌ನಿಂದಲೇ ಸಾಂಬಾ ಮೂಲಕ ತೋರಿಸಿ.

10. ಕನ್ನಡದ ಕಡತ ಹೆಸರುಗಳಿಗೆ ಅವುಗಳದೇ ಲೆಕ್ಕವಿದೆ

ಪ್ರಕಾಶನದ ಕೆಲಸದಲ್ಲಿ ಕಲಿತದ್ದು ಇದು. ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗದವರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುತ್ತ ಬಂದಿದ್ದಾರೆ. ಅವರನ್ನು ನೋಡಿ ಸಣ್ಣ ಪ್ರಕಾಶಕರೂ ತಮ್ಮ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುವುದು ಒಳ್ಳೆಯ ಬೆಳವಣಿಗೆ. ಅವರು ಕಡತಕ್ಕೆ ಪುಸ್ತಕದ ಪೂರ್ತಿ ಹೆಸರು, ಲೇಖಕರು, ಮುದ್ರಣ ವರ್ಷ ಎಲ್ಲವನ್ನೂ ಕನ್ನಡದಲ್ಲೇ ಕೊಡುತ್ತಾರೆ. ಕೊಡಬೇಕಾದ್ದೇ.

ಇಎಕ್ಸ್‌ಟಿ4ನಲ್ಲಿ ಒಂದು ಕಡತದ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಾಗುಣಿತ, ಒತ್ತು, ಅರ್ಧಾಕ್ಷರದ ವಿರಾಮ ಚಿಹ್ನೆ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. 'ಕರ್ನಾಟಕ' ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ 7 ಸಂಕೇತ, 21 ಬೈಟ್. ಹೆಸರಿಗೆ ಸಿಗುವುದು ಒಟ್ಟು 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಹಿಡಿಯದೆ 255 ಸಂಕೇತಗಳನ್ನು ಬಿಡುವುದರಿಂದ, ಅಲ್ಲಿ ಚೆನ್ನಾಗಿ ತೆರೆದುಕೊಳ್ಳುವ ಉದ್ದ ಹೆಸರಿನ ಕಡತ ಇಎಕ್ಸ್‌ಟಿ4 ಡಿಸ್ಕಿಗೆ ಬರುವಾಗ ಹೆಸರು ಉದ್ದವಾಯಿತು ಎಂಬ ದೋಷದೊಂದಿಗೆ ಹಿಂದೆ ಉಳಿಯುತ್ತದೆ. ಆರ್‌ಸಿಂಕ್ ಉಳಿದ ಸಾವಿರಾರು ಕಡತಗಳನ್ನು ಮುಗಿಸಿ ಕೊನೆಯಲ್ಲಿ ಒಂದು ಸಾಲು ಹೇಳುತ್ತದೆ, ಅಷ್ಟೇ. ಅದರ ಎಕ್ಸಿಟ್ ಕೋಡ್ ಸೊನ್ನೆಯಲ್ಲದಿದ್ದರೆ ಯಶಸ್ವಿ ಎಂಬ ಸಂದೇಶ ಹೋಗಬಾರದು.

ಹಳೆಯ ಮ್ಯಾಕ್ ಡಿಸ್ಕುಗಳಿಂದ ಬಂದ ಕಡತಗಳಲ್ಲಿ ಇನ್ನೊಂದು ತೊಡಕು. ಯೂನಿಕೋಡ್‌ನಲ್ಲಿ 'ಕೋ' ಬರೆಯಲು ಎರಡು ದಾರಿಗಳಿವೆ: ಓ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರಾಗಿ ಬಿಡಿಸಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಪರದೆಯ ಮೇಲೆ ಎರಡೂ ಒಂದೇ, ಲಿನಕ್ಸ್‌ಗೆ ಎರಡೂ ಬೇರೆ. ಹೀಗಾಗಿ ಬ್ಯಾಕಪ್‌ನಲ್ಲಿ 'ಕೋಲಾರ' ಎಂಬ ಎರಡು ಫೋಲ್ಡರ್ ಅಕ್ಕಪಕ್ಕ ಕೂತು, ಅರ್ಧ ಕಡತ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಸೇರುತ್ತವೆ. ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಿಂದ ಬರುವಾಗಲೇ ಒಂದುಗೂಡಿಸಬಹುದು. ಬಂದುಬಿಟ್ಟಿದ್ದರೆ ಕಾನ್ವ್‌ಎಂವಿ ಉಪಕರಣವಿದೆ.

ಮೌಂಟ್ ಆಗುವ ಡೈರೆಕ್ಟರಿಯ ಹೆಸರು, ಡಿಸ್ಕಿನ ಲೇಬಲ್ ಇವೆರಡನ್ನು ಮಾತ್ರ ನಾನು ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿ ಜಾಗವಿಲ್ಲದೆ ಕೊಡುತ್ತೇನೆ. ಇಎಕ್ಸ್‌ಟಿ4 ಲೇಬಲ್‌ಗೆ ಮಿತಿಯೇ 16 ಬೈಟ್. ಅದರಲ್ಲಿ ಕನ್ನಡದ ಐದು ಸಂಕೇತ ಹಿಡಿಯುತ್ತದೆ. ಒಳಗಿನ ಕಡತಗಳ ಹೆಸರು ಕನ್ನಡದಲ್ಲೇ ಇರಲಿ.

ಪ್ರಕಾಶಕರಿಗೆ ಇನ್ನೊಂದು ಮಾತು, ಮೌಂಟ್‌ಗೆ ಸಂಬಂಧವಿಲ್ಲದಿದ್ದರೂ. ಹಳೆಯ ಪೇಜ್‌ಮೇಕರ್ ಕಡತಗಳನ್ನು ಬ್ಯಾಕಪ್ ಮಾಡುವಾಗ ಅವುಗಳಿಗೆ ಬಳಸಿದ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನೂ ಜೊತೆಗಿಡಿ. ಯೂನಿಕೋಡ್‌ಗೆ ಮುಂಚಿನ ಆ ಕಡತಗಳನ್ನು ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಮಾತ್ರ ಕಾಣುತ್ತದೆ.

11. ಒಂದು ಡಿಸ್ಕ್ ಇನ್ನೊಂದು ಬಡಾವಣೆಯಲ್ಲಿ ಮಲಗಲಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗಿನ ಜಾಗದಲ್ಲಿ ಎಂಬ ನಿಯಮವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ನಮ್ಮ ಸಣ್ಣ ಕಚೇರಿಗಳಲ್ಲಿ ಹೊರಗಿನ ಜಾಗವೆಂದರೆ ಮಾಲೀಕರ ಮನೆ. ಕಚೇರಿ ಬಿಟಿಎಂನಲ್ಲಿದ್ದು ಮನೆ ಬನಶಂಕರಿಯಲ್ಲಿದ್ದರೆ ಡಿಸ್ಕ್ ಶನಿವಾರ ಮೆಟ್ರೋದಲ್ಲಿ ಹೋಗುತ್ತದೆ, ಹಳದಿ ಮಾರ್ಗದಲ್ಲಿ ಆರ್.ವಿ. ರೋಡ್‌ವರೆಗೆ, ಅಲ್ಲಿಂದ ಹಸಿರು ಮಾರ್ಗ. ನಿಲ್ದಾಣದ ಎಕ್ಸ್-ರೇ ಯಂತ್ರದಿಂದ ಹಾರ್ಡ್ ಡಿಸ್ಕಿಗೆ ಹಾನಿಯಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟುಹೋದರೆ ಹಾನಿಯಿದೆ.

2025ರ ಮೇ ತಿಂಗಳ ಮಳೆಗೆ ಬಿಟಿಎಂ ಸುತ್ತ ಬೇಸ್‌ಮೆಂಟುಗಳಿಗೆ ನೀರು ನುಗ್ಗಿತು. ಬಿಟಿಎಂ 2ನೇ ಹಂತದ ಅಪಾರ್ಟ್‌ಮೆಂಟೊಂದರಲ್ಲಿ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಸರ್ವರ್ ಆಗಲಿ ಡಿಸ್ಕ್ ಆಗಲಿ ಬೇಸ್‌ಮೆಂಟಿನಲ್ಲಿ ಬೇಡ. ಇದ್ದು ನೀರು ಬಂದರೆ ಅದನ್ನು ಉಳಿಸಲು ಯಾರೂ ಇಳಿಯಬಾರದು. ಇನ್ನೊಂದು ಬಡಾವಣೆಯಲ್ಲಿ ಡಿಸ್ಕ್ ಇದೆ ಎಂಬ ಧೈರ್ಯ ಇರುವುದು ಅದಕ್ಕಾಗಿಯೇ.

ಹೊರಗೆ ಓಡಾಡುವ ಡಿಸ್ಕ್ ಕಳೆದುಹೋಗಬಹುದು. ಆಡಿಟರ್ ಕಚೇರಿಯ ಡಿಸ್ಕ್ ಎಂದರೆ ನೂರಾರು ಜನರ ಪ್ಯಾನ್, ಬ್ಯಾಂಕ್ ವಿವರ. ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿ. ಕೀಲಿ ಕಡತ ಸರ್ವರ್‌ನಲ್ಲಿ ರೂಟ್‌ಗೆ ಮಾತ್ರ ಕಾಣುವಂತಿರಲಿ, ಹಾಗಿದ್ದರೆ ಡಿಸ್ಕ್ ಚುಚ್ಚಿದಾಗ ತಾನಾಗಿ ತೆರೆಯುತ್ತದೆ. ಎರಡನೆಯ ಕೀಲಿಯಾಗಿ ಒಂದು ಪಾಸ್‌ಫ್ರೇಸ್ ಕೊಟ್ಟು, ಕಾಗದದಲ್ಲಿ ಬರೆದು ಮಾಲೀಕರ ಲಾಕರ್‌ನಲ್ಲಿಡಿ. ಸರ್ವರೇ ಸುಟ್ಟುಹೋದರೆ ಡಿಸ್ಕ್ ತೆರೆಯುವುದು ಆ ಕಾಗದದಿಂದಲೇ. ಎನ್‌ಕ್ರಿಪ್ಟ್ ಆದ ಡಿಸ್ಕುಗಳ ಪಟ್ಟಿಯಾದ ಕ್ರಿಪ್ಟ್‌ಟ್ಯಾಬ್ ಕಡತದ ಸಾಲಿನಲ್ಲೂ ನೋಫೇಲ್ ಬರೆಯಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದದ್ದು ಅಲ್ಲಿಗೆ ಅನ್ವಯಿಸುವುದಿಲ್ಲ.

ಕಂಪನಿ ಲೆಕ್ಕಗಳನ್ನು ಇಡುವವರು ಗಮನಿಸಬೇಕಾದ್ದು: 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯ ಪ್ರಕಾರ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಇರಬೇಕು. ಮೊದಲು ಕಾಲಕಾಲಕ್ಕೆ ಎಂದಷ್ಟೇ ಇತ್ತು. ವಾರಕ್ಕೊಮ್ಮೆ ಚುಚ್ಚುವ ಡಿಸ್ಕ್ ಆ ನಿತ್ಯದ ಬ್ಯಾಕಪ್‌ಗೆ ಬದಲಿಯಾಗದು, ಅದರ ಮೇಲಿನ ಭದ್ರತೆ.

12. ಡಿಸ್ಕ್ ತೆಗೆದು ರೀಬೂಟ್ ಮಾಡಿ ನೋಡಿ

ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ಡಿಸ್ಕ್ ಹಾಕಿ ಒಂದು ಸಲ ಬ್ಯಾಕಪ್ ನಡೆದರೆ ಜನ ಸಮಾಧಾನಪಡುತ್ತಾರೆ. ನಾನು ಸಮಾಧಾನಪಡುವುದು ಇನ್ನೂ ಮೂರು ಪರೀಕ್ಷೆ ಮುಗಿದ ಮೇಲೆ. ಡಿಸ್ಕ್ ಇಲ್ಲದೆ ಸರ್ವರ್ ರೀಬೂಟ್ ಆಗಿ ಎಸ್‌ಎಸ್‌ಎಚ್ ಸಿಗಬೇಕು. ಡಿಸ್ಕ್ ಇಲ್ಲದೆ ಬ್ಯಾಕಪ್ ಸರ್ವಿಸ್ ಓಡಿಸಿದರೆ ಅದು ಸೋಲಬೇಕು, ಸೋತೆನೆಂದು ಸಂದೇಶ ಕಳಿಸಬೇಕು, ರೂಟ್ ಡಿಸ್ಕಿನಲ್ಲಿ ಒಂದು ಬೈಟ್ ಕೂಡ ಹೆಚ್ಚಾಗಿರಬಾರದು. ಕೊನೆಗೆ ಡಿಸ್ಕನ್ನು ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಿ, ಕನ್ನಡ ಹೆಸರಿನ ಒಂದು ಕಡತವನ್ನು ಹೊರತೆಗೆದು ತೆರೆಯಬೇಕು.

ಸಣ್ಣ ಕಚೇರಿ ನಡೆಸುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಈ ಶನಿವಾರ ಕಚೇರಿ ಮುಚ್ಚುವ ಮುನ್ನ ಬ್ಯಾಕಪ್ ಡಿಸ್ಕ್ ತೆಗೆದು, ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಅವರು ದೂರದಲ್ಲಿ ಕೂತಿರುವಾಗಲೇ ಒಂದು ಸಲ ರೀಬೂಟ್ ಮಾಡಿಸಿ. ಐದು ನಿಮಿಷದಲ್ಲಿ ಅವರಿಗೆ ಲಾಗಿನ್ ಸಿಗದಿದ್ದರೆ ಎಫ್‌ಎಸ್‌ಟ್ಯಾಬ್ ತಿದ್ದಿಸಿಕೊಳ್ಳದೆ ಸೋಮವಾರದ ಕೆಲಸ ಶುರುಮಾಡಬೇಡಿ.